ಫ್ಲಾನೆಲ್ ಬಟ್ಟೆಯ ಮೇಲೊಂದು ಮಾತುಕತೆ

ನಾಲ್ಕು ಜನ ಎದುರುಬದುರು ಕೂತರೆ ಮಾತು ಕೆಡುತ್ತದೆ, ನಾಲ್ವರೂ ಒಂದೇ ಕಡೆ ನೋಡುತ್ತ ಕೂತರೆ ಕೂಡಿಬರುತ್ತದೆ ಎಂಬುದು ನನ್ನ ಬಹುದಿನದ ನಂಬಿಕೆ. ಹೊಳೆಯ ಮೆಟ್ಟಿಲ ಮೇಲೆ ನೀರು ನೋಡುತ್ತ ಕೂತವರು ಜಗಳವಾಡಿದ್ದನ್ನು ನಾನು ಕಂಡಿಲ್ಲ. ಅದೇ ಜನರನ್ನು ಪಡಸಾಲೆಯಲ್ಲಿ ಎರಡು ಜಮಖಾನೆ ಹಾಸಿ ಎದುರುಬದುರು ಕೂರಿಸಿ ನೋಡಿ, ಒಬ್ಬರ ಮೂಗು ಇನ್ನೊಬ್ಬರಿಗೆ ಸೇರುವುದಿಲ್ಲ. ಇದನ್ನು ಮನೆಯಲ್ಲಿ ಹೇಳಿದಾಗಲೆಲ್ಲ ನನ್ನ ಹೆಂಡತಿ ನೀಲಮ್ಮ, "ಎತ್ತ ಕಡೆ ನೋಡಿದ್ರೂ ಮಾತಾಡೋರು ನೀವೊಬ್ರೇ ಅಲ್ಲೇನ್ರಿ" ಎನ್ನುತ್ತಿದ್ದಳು. ಇರಲಿ, ಅವಳಿಗೆ ತರಬೇತಿಯಾಗಿರಲಿಲ್ಲ.

ನನಗೆ ಆಗಿತ್ತು. ನಾನು ದಾವಣಗೆರೆಯ ಒಂದು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಪಂಚವಾರ್ಷಿಕ ಯೋಜನೆಗಳು ಬಂದ ಹೊಸತು. ಗೊಬ್ಬರದ ಗುಂಡಿ, ಜಪಾನಿ ಪದ್ಧತಿಯ ಭತ್ತದ ನಾಟಿ ಇವನ್ನೆಲ್ಲ ಹಳ್ಳಿಯ ಜನ ಚಿತ್ರ ನೋಡಿ ಚರ್ಚಿಸಬೇಕೆಂದು ಸರ್ಕಾರ ನಮ್ಮಂಥವರನ್ನು ಒಟ್ಟುಗೂಡಿಸಿ ಕಲಿಸಿತು. ಅಲ್ಲಿಂದ ನಾನು ತಂದದ್ದು ಒಂದು ಫ್ಲಾನೆಲ್ ಬೋರ್ಡು. ಹಲಗೆಯ ಮೇಲೆ ಫ್ಲಾನೆಲ್ ಬಟ್ಟೆ ಬಿಗಿದಿರುತ್ತದೆ. ಮನೆ, ಬಾವಿ, ಮನುಷ್ಯ ಹೀಗೆ ಕತ್ತರಿಸಿದ ಚಿತ್ರಗಳ ಬೆನ್ನಿಗೆ ಮರ ಉಜ್ಜುವ ಮರಳು ಕಾಗದ ಅಂಟಿಸಿರುತ್ತದೆ. ಇಟ್ಟಲ್ಲಿ ಹಿಡಿದು ನಿಲ್ಲುತ್ತವೆ, ತೆಗೆದು ಬೇರೆ ಕಡೆ ಇಡಬಹುದು. ಮೊದಲ ಪ್ರಯೋಗ ನಂದಿಗುಡಿ ಎಂಬ ಹಳ್ಳಿಯಲ್ಲಿ ಮಾಡಿದೆ. ಮನೆಯ ಚಿತ್ರ ಇಟ್ಟೆನೋ ಇಲ್ಲವೋ, ಪಾಲಿನ ತಕರಾರಿನಲ್ಲಿದ್ದ ಅಣ್ಣ ತಮ್ಮ ಇಬ್ಬರೂ ಎದ್ದು ಅದು ತಮ್ಮದೇ ಮನೆ ಎಂದು ಶುರುಮಾಡಿದರು. ಗೊಬ್ಬರದ ಗುಂಡಿಯ ಸರದಿ ಬರಲೇ ಇಲ್ಲ. ಆದರೆ ಊರಿಗೆ ಊರೇ ಬಾಯಿಬಿಟ್ಟು ಮಾತಾಡಿತಲ್ಲ, ಆದ್ದರಿಂದ ಸಭೆ ಯಶಸ್ವಿ ಎಂದೇ ನಾನು ವರದಿ ಬರೆದೆ.

ಇಂಥ ಬೋರ್ಡನ್ನು ಅಕ್ಕನ ಮಗಳ ಮದುವೆ ಮಾತುಕತೆಗೆ ಒಯ್ಯುವ ಧೈರ್ಯ ನನಗೆ ಹೇಗೆ ಬಂತೋ ಗೊತ್ತಿಲ್ಲ. ಭಾವ ತೀರಿಕೊಂಡಿದ್ದರು. ಕೆ.ಬಿ. ಬಡಾವಣೆಯ ಆ ಮನೆಗೆ ಗಂಡು ದಿಕ್ಕು ಅಂದರೆ ನಾನೇ. ಮಗಳು ಗಿರಿಜ ದಾವಣಗೆರೆಯಲ್ಲೇ ಪ್ರೈಮರಿ ಸ್ಕೂಲಿನ ಟೀಚರು. ಹಿಂದಿನ ಎರಡು ಸಂಬಂಧ ಅವಳ ಕೆಲಸದ ಮಾತಿಗೇ ಮುರಿದಿದ್ದವು. ಈಗ ಬಂದಿದ್ದ ಹುಡುಗ ಶಿವಾನಂದ, ಹರಿಹರದ ಕಾರ್ಖಾನೆಯಲ್ಲಿ ಕೆಲಸ. ಹೆಣ್ಣು ನೋಡಲು ಬಂದಾಗಲೇ ಇಬ್ಬರಿಗೂ ಒಪ್ಪಿಗೆಯಾಗಿತ್ತು. ಮಾತುಕತೆಯ ಹಿಂದಿನ ದಿನ ಗಿರಿಜ ನೆಲ ನೋಡುತ್ತ, "ಮಾಮ, ನಾನು ಕೆಲಸ ಬಿಡಂಗಿಲ್ಲ. ನೀವು ಈ ಸಂಬಂಧ ಬಿಡಬ್ಯಾಡ್ರಿ" ಎಂದಳು. ಎರಡನ್ನೂ ಒಟ್ಟಿಗೆ ಉಳಿಸುವುದು ಹೇಗೆ? ನನಗೆ ರಾತ್ರಿ ಊಟ ಸೇರಲಿಲ್ಲ.

ಹುಡುಗನ ತಂದೆ ರುದ್ರಪ್ಪನವರು ಹರಿಹರದವರೇ, ದೊಡ್ಡ ಪೇಟದ ಜಮೀನುದಾರರು. ಬಂದವರು ಖಾರ ಮಂಡಕ್ಕಿ ತಿಂದರು, ಚಹ ಕುಡಿದರು, ಮಳೆ ಬೆಳೆ ವಿಚಾರಿಸಿದರು. ಆಮೇಲೆ, "ನೋಡ್ರಿ ಮಾಸ್ತರ, ನಮ್ಮ ಮನಿ ಸೊಸಿ ದಿನಾ ರೈಲಿನಾಗ ಓಡಾಡೋದು ಬ್ಯಾಡ" ಎಂದು ಕೈ ಕಟ್ಟಿ ಕೂತರು. ಪದ್ಧತಿಯಂತೆ ನೀಲಮ್ಮನೂ ಸೇರಿ ಹೆಂಗಸರೆಲ್ಲ ನಡುಮನೆಯ ಬಾಗಿಲ ಆಚೆ, ಮಾತಾಡುವ ಹಕ್ಕು ಗಂಡಸರದು. ಹುಡುಗ ಜಮಖಾನೆಯ ದಾರ ಕೀಳುತ್ತ ಕೂತಿದ್ದ. ನಾನು ಬೋರ್ಡು ಬಿಚ್ಚಿದೆ.

ಮೊದಲ ಏಟೇ ತಪ್ಪಿತು. ದೀಪದ ಚಿತ್ರ ಇಟ್ಟು, "ಹೆಣ್ಣುಮಗಳು ಅಂದರೆ ಮನೆಗೆ ದೀಪ" ಎಂದು ಭಾಷಣ ತೆಗೆದೆ. ರುದ್ರಪ್ಪನವರ ಮುಖ ಅರಳಿತು. "ಅದನ್ನೇ ನಾನೂ ಹೇಳೋದು. ದೀಪ ಮನ್ಯಾಗ ಇರಬೇಕು. ದಿನಾ ರೈಲು ಹತ್ತಿಸಿ ಕಳಸ್ತಾರೇನ್ರಿ?" ಬಾಗಿಲಾಚೆ ಅಕ್ಕನ ಬಳೆ ಸದ್ದು ನಿಂತುಹೋಯಿತು. ದೀಪವನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಮತ್ತೆ ಸಾವರಿಸಿಕೊಂಡು ಎಡಕ್ಕೆ ಹರಿಹರದ ಮನೆ, ಒಲೆ, ಬಾವಿ ಇಟ್ಟೆ. ಬಲಕ್ಕೆ ದಾವಣಗೆರೆಯ ಶಾಲೆ. ನಡುವೆ ಕರಿ ಉಲ್ಲನ್ ದಾರ ಎಳೆದು ರೈಲು ದಾರಿ ಮಾಡಿದೆ. ಸೀರೆಯುಟ್ಟ ಹೆಂಗಸಿನ ಚಿತ್ರ ತೆಗೆದು ಶಾಲೆಯ ಮುಂದೆ ನಿಲ್ಲಿಸಿದೆ. ರುದ್ರಪ್ಪನವರು ಎದ್ದು ಬಂದು ಅವಳನ್ನು ಒಲೆಯ ಮುಂದಿಟ್ಟರು. ನಾನು ಶಾಲೆಗೆ ತಂದೆ. ಅವರು ಒಲೆಗೆ ಒಯ್ದರು. ಆ ಬಡಪಾಯಿ ಒಂದು ಮಾತಾಡದೆ ಹೀಗೆ ಐದಾರು ಸಲ ರೈಲಿಲ್ಲದೆ ಪ್ರಯಾಣ ಮಾಡಿದಳು, ಸೆರಗಿನ ತುದಿ ಹರಿಯಿತು. ಕೊನೆಗೆ ಅವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಗಾಡಿ ಹೊತ್ತಾತು. ನಾವಿನ್ನು ಹೊರಡ್ತೀವಿ" ಎಂದರು. ಮೂರನೆಯದೂ ಮುರಿಯಿತು, ಅದೂ ನನ್ನ ಕೈಯಿಂದಲೇ ಎಂದುಕೊಂಡೆ.

ಆಗ ಹುಡುಗನ ತಾಯಿ ಗೌರಮ್ಮ ಖಾಲಿ ತಟ್ಟೆ ಒಯ್ಯುವ ನೆಪದಲ್ಲಿ ಪಡಸಾಲೆಗೆ ಬಂದರು. ತಟ್ಟೆ ಎತ್ತಲಿಲ್ಲ. ಬೋರ್ಡಿನ ಮುಂದೆ ನಿಂತು, ಒಲೆಯ ಮುಂದಿದ್ದವಳನ್ನು ಮೆಲ್ಲಗೆ ತೆಗೆದು ಶಾಲೆಯ ಮುಂದಿಟ್ಟರು. ನನ್ನ ಚೀಲದಿಂದ, ಭತ್ತದ ಪಾಠಕ್ಕೆ ಮಾಡಿಸಿದ್ದ ಬಗ್ಗಿ ಕಳೆ ಕೀಳುವ ಮುದುಕಿಯ ಚಿತ್ರವನ್ನು ಆರಿಸಿ ಒಲೆಯ ಮುಂದೆ ಕೂರಿಸಿದರು. ಒಲೆ ಊದುವವಳ ಹಾಗೇ ಕಂಡಳು.

"ಒಬ್ಬಾಕಿ ಎಷ್ಟಂತ ಮಾಡ್ತೀಯ? ನೀರು ಯಾರು ಸೇದ್ತಾರ?" ಎಂದರು ರುದ್ರಪ್ಪನವರು.

ಗೌರಮ್ಮ ತುಟಿ ಬಿಚ್ಚಲಿಲ್ಲ. ಪೇಟ ಸುತ್ತಿದ ರೈತನ ಚಿತ್ರವನ್ನು ತೆಗೆದು ಬಾವಿಯ ಕಟ್ಟೆಗೆ ಅಂಟಿಸಿ, ಬೀಳದಿರಲೆಂದು ಹೆಬ್ಬೆರಳಿನಿಂದ ಒತ್ತಿದರು.

ಗಂಡಸರ ನಡುವೆ ಮಾತಾಡಿದಳೆಂದು ಬಯ್ಯೋಣವೆಂದರೆ ಆಕೆ ಮಾತೇ ಆಡಿಲ್ಲ. ರುದ್ರಪ್ಪನವರು ಬಾವಿಯ ಮುಂದಿನ ಪೇಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೆಮ್ಮಿ, "ನೀರು ಸೇದಂಗಿಲ್ಲ ಅಂತ ನಾ ಯಾವಾಗ ಅಂದೀನಿ?" ಎಂದು ಮತ್ತೆ ಜಮಖಾನೆಯ ಮೇಲೆ ಕೂತರು.

ನನಗೆ ಅಳುವಷ್ಟು ಸಂತೋಷವಾಯಿತು. ಅಕ್ಕ ಬಾಗಿಲಿಗೆ ಬಂದು ಮಗಳನ್ನು ಕರೆದು, "ಏನವ್ವ, ಒಪ್ಪಿಗೆ ಐತೇನು?" ಎಂದು ಕೇಳಿದಳು. ಗಿರಿಜ ಹೊಸ್ತಿಲಲ್ಲಿ ನಿಂತು ಬೋರ್ಡನ್ನು ಎಡದಿಂದ ಬಲಕ್ಕೆ ನೋಡಿದಳು. ಸಣ್ಣ ದನಿಯಲ್ಲಿ, "ಮಾಮ, ಇದರಾಗ ಅವರು ಎಲ್ಲಿದಾರ?" ಎಂದಳು.

ಎಲ್ಲರೂ ಬೋರ್ಡು ನೋಡಿದೆವು. ಮಾವನಿದ್ದ, ಅತ್ತೆಯಿದ್ದಳು, ಒಲೆ ಬಾವಿ ಸಹ ಇದ್ದವು. ಮದುಮಗನನ್ನೇ ಮರೆತಿದ್ದೆವು. ಚೀಲ ತಡಕಿದೆ. ಉಳಿದಿದ್ದವು ಗೊಬ್ಬರದ ಗುಂಡಿ ಮತ್ತು ತಳಿ ಸುಧಾರಣೆಯ ಹೋರಿ, ಎರಡೇ. ಹೋರಿಯನ್ನು ಒಳಕ್ಕೆ ತುರುಕುತ್ತಿದ್ದೆ. ಅಷ್ಟರಲ್ಲಿ ಶಿವಾನಂದ ಎದ್ದುಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡ. ಉಲ್ಲನ್ ದಾರದ ಹರಿಹರದ ತುದಿಯಲ್ಲಿ ಅಂಟಿಸಿದ. "ನಾನು ಸ್ಟೇಶನ್ನಾಗ ಇರ್ತೀನಿ. ಸಂಜಿ ಗಾಡಿಗೆ ಕರ್ಕೊಂಡು ಬರಾಕ" ಎಂದ. ಅಂದು ಅವನಾಡಿದ್ದು ಅಷ್ಟೇ. ಗಿರಿಜ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಅಕ್ಕ ಸಕ್ಕರೆ ಹಂಚಿದಳು.

ಬೋರ್ಡು ಹೊತ್ತು ಮನೆಗೆ ನಡೆಯುವಾಗ ನಾನು ನನ್ನ ವಿಧಾನದ ಮಹಿಮೆಯನ್ನು ಕೊಂಡಾಡುತ್ತಲೇ ಇದ್ದೆ. ನೀಲಮ್ಮ ತಡೆದು, "ನಾನು ರಾಣೆಬೆನ್ನೂರಿಂದ, ತವರಿಂದ ಬರೋವಾಗ ಒಂದಿನನಾದ್ರೂ ಸ್ಟೇಶನ್ನಿಗೆ ಬಂದೀರೇನ್ರಿ?" ಎಂದಳು. "ಟಾಂಗಾ ಸಿಗ್ತಾವಲ್ಲ" ಎಂದೆ.

ಮುಂದಿನ ಸಲ ಅವಳು ತವರಿಂದ ಬರುವ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಾಡಿಗೆ ಬಹಳ ಮೊದಲೇ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಗಾಡಿ ಬಂತು. ನೀಲಮ್ಮ ಇಳಿದಳು, ನನ್ನನ್ನು ಕಂಡಳು, ಕೈಯಲ್ಲಿದ್ದ ಗಂಟು ಜಾರಿಬಿತ್ತು. ಬಣ್ಣಗೆಟ್ಟ ಮುಖದಲ್ಲಿ ಓಡಿಬಂದು ನನ್ನ ತೋಳು ಹಿಡಿದು ಕೇಳಿದಳು:

"ಮನ್ಯಾಗ ಯಾರಿಗೆ ಏನಾತ್ರಿ?"