ಅಡ್ಡಹೆಸರಿನ ಅರ್ಜಿ

ಪರೋಪಕಾರಿಗಳಿಗೆ ಒಂದು ಕಾಯಿಲೆಯುಂಟು. ಎದುರಿಗೆ ನಿಂತವರು ಬಾಯಿ ತೆರೆಯುವ ಮೊದಲೇ ಅವರಿಗೆ ಏನು ಬೇಕೆಂಬುದು ಇವರಿಗೆ ಗೊತ್ತಾಗಿಬಿಟ್ಟಿರುತ್ತದೆ. ಆಮೇಲೆ ಅವರು ಏನು ಹೇಳಿದರೂ ಅದು ಬರೀ ವಿವರ. ಈ ಕಾಯಿಲೆ ನನಗೂ ಇತ್ತು, ಅದೂ ಔಷಧಿಗೆ ಬಗ್ಗದ ಮಟ್ಟಕ್ಕೆ. ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಯಾಕೆಂದರೆ ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಆಗ ಇಡೀ ಲಿಂಗರಾಜಪುರದಲ್ಲಿ ಇರಲಿಲ್ಲ. ಈಗಲೂ ಇಲ್ಲ, ಈಗ ಅರ್ಜಿಯನ್ನು ಯಾರೂ ಕೈಯಲ್ಲಿ ಬರೆಯುವುದೇ ಇಲ್ಲವಲ್ಲ! ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ನಾನು ಶುರು ಮಾಡಿದರೆ, ಮುಂದಿನದನ್ನು ಓದದೆಯೇ ಅಧಿಕಾರಿಗಳು ಸುಸ್ತಾಗಿ ಸಹಿ ಹಾಕಿಬಿಡುತ್ತಿದ್ದರು. ಕೃಷ್ಣರಾಜಪುರದ ಕಡೆ ಒಂದು ಕಾರ್ಖಾನೆಯ ಟಪಾಲು ವಿಭಾಗದಲ್ಲಿ ಇಪ್ಪತ್ತು ವರ್ಷ ಕೂತು ಗಳಿಸಿದ ವಿದ್ಯೆ ಅದು.

ನಮ್ಮ ಮನೆಯ ಹಿಂದೆ ಸಾಲಾಗಿ ಎಂಟು ಶೀಟಿನ ರೂಮುಗಳಿದ್ದವು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಆ ರೂಮುಗಳಲ್ಲಿ ರಾಯಚೂರು, ಗುಲ್ಬರ್ಗದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಸಂಸಾರಗಳು ತುಂಬಿಕೊಂಡವು. ಕುಕ್ ಟೌನಿನ ಹಳೇ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿದ್ದ ಕಾಲ. ನಾಲ್ಕು ಮಹಡಿಗೆ ನೀರಿನ ಪೈಪು ಹಾಕುವ ಕೆಲಸ ಮಾಡಿ ಬಂದವರಿಗೆ ಕುಡಿಯಲು ನಲ್ಲಿಯಿರಲಿಲ್ಲ. ಇದನ್ನು ಮೊದಲು ಗಮನಿಸಿದವರು ಎದುರುಮನೆಯ ದೊರೈರಾಜ್. ಮಿಲಿಟರಿಯಿಂದ ನಿವೃತ್ತರಾಗಿ ಹಲಸೂರಿನಿಂದ ಇತ್ತ ಬಂದವರು. ಒಂದು ಭಾನುವಾರ ಅವರು ನಮ್ಮ ಗೇಟಿನ ಮುಂದೆ ನಿಂತು, “ಎನ್ನಾ ಸುಬ್ಬಣ್ಣ, ಪಕ್ಕದ ಜನ ಬಕೆಟ್ ಹಿಡ್ಕೊಂಡು ಓಡಾಡ್ತಾವ್ರೆ, ನಾವು ಪೇಪರ್ ಓದ್ಕೊಂಡು ಕೂತವ್ರೆ. ಒಂದು ಸಂಘ ಮಾಡ್ಬೇಕು” ಎಂದರು. ಹೀಗೆ ‘ನೆರೆಹೊರೆ ಹಿತ ಸಂಘ’ ಹುಟ್ಟಿತು. ಅವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಶಿವಾಜಿನಗರದಲ್ಲಿ ಲೆಟರ್‌ಹೆಡ್ ಮಾಡಿಸಿದೆವು. ಕನ್ನಡ ಬಾರದ ಪ್ರೆಸ್ಸಿನವನು ‘ನೆರೆ’ಯನ್ನು ಒಂದು ಸಾಲಿನಲ್ಲೂ ‘ಹೊರೆ’ಯನ್ನು ಇನ್ನೊಂದು ಸಾಲಿನಲ್ಲೂ ಅಚ್ಚು ಹಾಕಿದ. ನನ್ನ ಹೆಂಡತಿ ಅದನ್ನು ನೋಡಿ, “ಪ್ರವಾಹಾನೂ ಆಯ್ತು, ಭಾರಾನೂ ಆಯ್ತು. ನಿಮ್ಮ ಸಂಘಕ್ಕೆ ಸರಿಯಾಗೇ ಇದೆ” ಎಂದಳು.

ಆದರೆ ನಲ್ಲಿ ಬಂತು. ನನ್ನ ಹನ್ನೊಂದನೆಯ ಅರ್ಜಿಗೆ ಬಂತು. ಅದರ ಹಿಂದೆಯೇ ನನಗೊಂದು ಅಡ್ಡಹೆಸರೂ ಬಂತು: ಅರ್ಜಿ ಸುಬ್ಬಣ್ಣ. ಬರುಬರುತ್ತಾ ಸುಬ್ಬಣ್ಣನೂ ಉದುರಿ ಬರೀ ಅರ್ಜಿ ಉಳಿಯಿತು. ಅಂಗಡಿಯಲ್ಲಿ “ಅರ್ಜಿಯವರಿಗೆ ಅರ್ಧ ಕೆಜಿ ರವೆ”, ಗ್ಯಾಸಿನವನಿಗೆ “ಅರ್ಜಿ ಮನೆ ಎಲ್ಲಿ ಅಂತ ಕೇಳಿ, ಯಾರಾದ್ರೂ ಹೇಳ್ತಾರೆ” ಎಂದು ಸ್ವತಃ ನನ್ನ ಹೆಂಡತಿಯ ವಿಳಾಸ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಳ್ಳಿಯ ಶಾಲೆಯಲ್ಲಿ ಏಳು ವರ್ಷ ಹುಡುಗರು ನನ್ನನ್ನು ‘ಬೋಂಡ’ ಎಂದು ಕರೆದಿದ್ದರು. ಅಂದಿನಿಂದ ಅಡ್ಡಹೆಸರೆಂದರೆ ನನಗಾಗದು. ಅಪ್ಪ ಅಮ್ಮ ಇಟ್ಟ ಹೆಸರಿದೆ, ಮುಂದೆ ಅಪ್ಪನ ಹೆಸರಿನ ಒಂದಕ್ಷರವಿದೆ. ಕೆ. ಸುಬ್ಬಣ್ಣ. ಕೆ ಎಂದರೆ ಕೆಂಪಯ್ಯ. ಮನುಷ್ಯನಿಗೆ ಇನ್ನೇನು ಬೇಕು?

ಹೀಗಿರುವಾಗ ಹಿಂದಿನ ರೂಮಿನ ಹುಲಿಗೆಮ್ಮ ಬಂದಳು. ರಾಯಚೂರಿನ ಕಡೆಯವಳು, ಕಟ್ಟಡದಲ್ಲಿ ಇಟ್ಟಿಗೆ ಹೊರುವವಳು. ಬಾಗಿಲಲ್ಲಿ ನಿಂತು, “ಅರ್ಜಿ ಅಣ್ಣಾರ, ನಮ್ ಹುಡುಗೀನ ಸಾಲಿಗಿ ಹಚ್ಚಬೇಕ್ರಿ” ಎಂದಳು. ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ನಮ್ಮಲ್ಲಿ ಹಚ್ಚುವುದು ಎಂದರೆ ದೀಪ ಹಚ್ಚುತ್ತೇವೆ, ತರಕಾರಿ ಹಚ್ಚುತ್ತೇವೆ, ಸಿಟ್ಟು ಬಂದರೆ ಬೆಂಕಿ ಹಚ್ಚುತ್ತೇವೆ. ಹುಡುಗಿಯನ್ನು ಏನು ಮಾಡುವುದು? ಎರಡು ನಿಮಿಷದ ಮೇಲೆ ಅರ್ಥವಾಯಿತು: ಮಗಳನ್ನು ಶಾಲೆಗೆ ಸೇರಿಸಬೇಕು. ಶಾಲೆ ಸಾಲಿ, ಮನೆ ಮನಿ, ಬೆಲೆ ಬೆಲಿ. ಕೊನೆಯ ‘ಎ’ ತೆಗೆದು ‘ಇ’ ಹಾಕಿದರೆ ಮುಗಿಯಿತು, ಇಡೀ ಉತ್ತರ ಕರ್ನಾಟಕ ನನ್ನ ಜೇಬಿಗೆ ಬಂತು ಎಂದು ನಾನು ಬೀಗಿದೆ. ಅನರ್ಥವೆಲ್ಲ ಆದದ್ದು ಈ ಬೀಗುವಿಕೆಯಿಂದ.

ಅವರ ಹಳ್ಳಿಯ ಶಾಲೆಯ ಟಿ.ಸಿ. ಟಪಾಲಿನಲ್ಲಿ ಬರಬೇಕಾಗಿತ್ತು. ಅಷ್ಟರಲ್ಲಿ ಹುಡುಗಿಯನ್ನು ಏಳನೇ ಕ್ಲಾಸಿನಲ್ಲಿ ಕೂರಿಸಿಕೊಳ್ಳಲು ನಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಹೆಡ್‌ಮಿಸ್ ಒಪ್ಪಿದ್ದರು. ಸಂಘದ ಪತ್ರವೊಂದು, ತುಂಬಿದ ಫಾರಂ ಒಂದು ಕೊಟ್ಟರೆ ಸಾಕು. ನಾನು ಕನ್ನಡಕ ಏರಿಸಿ ಕೂತೆ.

“ಹುಡುಗಿ ಹೆಸರೇನಮ್ಮ?”

“ರೇಣುಕಾ ರೀ.”

“ತಂದೆ ಹೆಸರು?”

“ಬಸಪ್ಪ ರೀ. ಅಡ್ಡಹೆಸ್ರು ಎಮ್ಮಿ ರೀ.”

ನನ್ನ ಪೆನ್ನು ನಿಂತಿತು. ಸೂತ್ರ ಹಾಕಿ ನೋಡಿದೆ. ಎಮ್ಮಿ ಎಂದರೆ ಎಮ್ಮೆ. ಕಂಬದ ಪಕ್ಕದಲ್ಲಿ ಎರಡು ಜಡೆ ಹಾಕಿಕೊಂಡು ನಿಂತಿದ್ದ ರೇಣುಕಾಳನ್ನು ನೋಡಿದೆ. ಕಡ್ಡಿಯಂತಿದ್ದಾಳೆ, ಪಾಪ. ನನ್ನೊಳಗಿನ ಬೋಂಡ ಎದ್ದು ಕೂತ.

“ಯಾರಮ್ಮ ಹಾಗೆ ಕರೆಯೋದು?”

“ಊರ ಮಂದೆಲ್ಲಾ ಹಂಗ ಕರೀತಾರ್ರಿ.”

“ಮೇಷ್ಟ್ರೂ ಕರೀತಿದ್ರಾ?”

“ಹೌದ್ರಿ, ಹಾಜರಿ ತಗೊಳ್ಳೂಮುಂದ ಮಾಸ್ತರರೂ ಹಂಗ ಕರೀತಿದ್ರು.”

“ನಿಮಗೆ ಬೇಜಾರಾಗಲ್ವಾ?”

“ಬ್ಯಾಸರ ಯಾಕ್ರಿ? ನನ್ನ ಗಂಡಗೂ ಹಂಗ ಅಂತಾರ. ಲಗ್ನ ಆದ ಮ್ಯಾಲ ನನಗೂ ಅಂತಾರ.”

ನನ್ನ ಕಣ್ಣಲ್ಲಿ ನೀರು ಬಂತು. ಇಡೀ ಸಂಸಾರವನ್ನು ಊರಿಗೆ ಊರೇ ಎಮ್ಮೆ ಎಂದು ಹೀಯಾಳಿಸಿದೆ, ಇವರಿಗೆ ಅದು ಒಗ್ಗಿಯೇ ಹೋಗಿದೆ! ನಾನು ಎದ್ದು ನಿಂತು ಒಂದು ಸಣ್ಣ ಭಾಷಣವನ್ನೇ ಮಾಡಿದೆ. “ನೋಡಮ್ಮ, ಇಲ್ಲಿಗೆ ಬಂದ ಮೇಲೆ ಆ ಹೆಸರು ಬೇಡ. ಇಲ್ಲಿ ಯಾರೂ ನಿಮ್ಮನ್ನ ಹಾಗೆ ಕರೆಯೋ ಹಾಗಿಲ್ಲ. ನಾನಿದ್ದೀನಿ.” ಹುಲಿಗೆಮ್ಮ ನನ್ನನ್ನೂ ಮಗಳನ್ನೂ ನೋಡಿದಳು. ಬೆಂಗಳೂರಿನ ಕಾಯಿದೆಯೇ ಹೀಗೆ ಇರಬೇಕು ಎಂದುಕೊಂಡಳೋ ಏನೋ, “ಹೂನ್ರಿ, ನೀವ್ ಹೆಂಗಂತೀರಿ ಹಂಗ” ಎಂದಳು. ನಾನು ದಪ್ಪಕ್ಷರದಲ್ಲಿ ‘ಬಿ. ರೇಣುಕಾ’ ಎಂದು ಬರೆದೆ. ಅವತ್ತು ಊಟ ಬಹಳ ರುಚಿಯಾಗಿತ್ತು.

ಎರಡು ತಿಂಗಳಾದ ಮೇಲೆ ಹೆಡ್‌ಮಿಸ್ ಹೇಳಿಕಳಿಸಿದರು. ಹೋದೆ. ಹುಲಿಗೆಮ್ಮ ಆಗಲೇ ಬಂದು ಗೋಡೆಗೆ ಒರಗಿ ನಿಂತಿದ್ದಳು, ಪಕ್ಕದಲ್ಲಿ ರೇಣುಕಾ. ಮೇಜಿನ ಮೇಲೆ ಎರಡು ಕಾಗದ. “ನೋಡಿ ಸುಬ್ಬಣ್ಣನವರೇ, ನೀವು ತುಂಬಿದ ಫಾರಂನಲ್ಲಿ ಬಿ. ರೇಣುಕಾ ಅಂತಿದೆ. ಟಿ.ಸಿ.ಲಿ ರೇಣುಕಾ ಬಸಪ್ಪ ಎಮ್ಮಿ ಅಂತಿದೆ. ನನ್ನ ಲೆಕ್ಕದಲ್ಲಿ ಇವರಿಬ್ಬರು ಬೇರೆ ಬೇರೆ ಹುಡುಗೀರು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಹೆಸರಿನ ಪಟ್ಟಿ ಇವತ್ತು ಸಾಯಂಕಾಲ ಹೋಗ್ಬೇಕು. ಯಾವ ಹುಡುಗೀನ ಕಳಿಸ್ಲಿ?” ಎಂದರು. ಆಮೇಲೆ ಹಾಜರಿ ಪುಸ್ತಕ ತೆರೆದು ತೋರಿಸಿದರು. ಮೊದಲ ಎರಡು ವಾರ ಹುಡುಗಿಗೆ ಪೂರ್ತಿ ಗೈರುಹಾಜರಿ. “ದಿನಾ ಮುಂದಿನ ಬೆಂಚಲ್ಲೇ ಕೂತಿರ್ತಿದ್ಲು. ಬಿ. ರೇಣುಕಾ ಅಂತ ಕೂಗಿದ್ರೆ ಮಾತ್ರ ಏಳ್ತಿರ್ಲಿಲ್ಲ. ಅದು ತನ್ನ ಹೆಸರು ಅಂತ ಅವಳಿಗೇ ಗೊತ್ತಿರ್ಲಿಲ್ಲ.”

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಟಿ.ಸಿ.ಯನ್ನು ಎತ್ತಿ ಹಿಡಿದು, “ಮೇಡಂ, ಇದು ಅನ್ಯಾಯದ ಪರಮಾವಧಿ! ಸರ್ಕಾರಿ ದಾಖಲೆಯಲ್ಲೇ ಹೆಣ್ಣುಮಗೂನ ಎಮ್ಮೆ ಅಂತ ಬೈದಿದ್ದಾರೆ. ಇದರ ವಿರುದ್ಧ ಒಂದು ಅರ್ಜಿ...” ಎಂದು ಶುರು ಮಾಡಿಯೇಬಿಟ್ಟೆ.

“ಅಣ್ಣಾರ, ಬೈದಿಲ್ರಿ” ಎಂದಳು ಹುಲಿಗೆಮ್ಮ ಮೆಲ್ಲಗೆ. “ಅದು ನಮ್ ಮನಿತನದ ಹೆಸ್ರು. ನಮ್ ಮಾವನವರ ಅಪ್ಪಾರ ಕಾಲಕ್ಕ ಮನ್ಯಾಗ ಹನ್ನೆರಡು ಎಮ್ಮಿ ಇದ್ವಂತ್ರಿ. ಊರಾಗ ಬಾಣಂತಿ ಇರ್ಲಿ, ಜಡ್ಡು ಬಿದ್ದೋರಿರ್ಲಿ, ಮುಂಜೇಲಿ ಹಾಲು ಕೊಟ್ಟು ಬರ್ತಿದ್ರಂತ. ಮಾರ್ತಿರ್ಲಿಲ್ರಿ. ಅದಕ್ಕ ಮಂದಿ ಎಮ್ಮಿಯವ್ರು ಅಂದ್ರು. ಈಗ ಒಂದು ಎಮ್ಮಿನೂ ಇಲ್ಲ, ಹೆಸ್ರಷ್ಟ ಐತ್ರಿ. ನೀವು ಅದೂ ಬ್ಯಾಡ ಅಂದ್ರಿ.”

ಹೆಡ್‌ಮಿಸ್ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಭೂಪಟದಲ್ಲಿ ರಾಯಚೂರನ್ನು ಹುಡುಕತೊಡಗಿದೆ. ಅವರು ಅಡ್ಡಹೆಸರು ಎನ್ನುವುದು ಮನೆತನದ ಹೆಸರಿಗೆ. ನಾವು ಅಡ್ಡಹೆಸರು ಎನ್ನುವುದು ಗೇಲಿಯ ಹೆಸರಿಗೆ. ಒಂದೇ ಕನ್ನಡ, ಒಂದೇ ಪದ, ನಡುವೆ ಒಂದು ರಾತ್ರಿಯ ರೈಲು ಪ್ರಯಾಣ. ಇದು ಗೊತ್ತಿಲ್ಲದೆ ನಾನು ಮೂರು ತಲೆಮಾರಿನ ಹಾಲನ್ನು ಒಂದೇ ಸಲಕ್ಕೆ ಚೆಲ್ಲಿದ್ದೆ. ನಿಜವಾಗಿ ನಾಚಿಕೆಯಾಯಿತು. ಹುಲಿಗೆಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು: “ಒಂದ್ ವರ್ಷ ಹೋತಂದ್ರ ಇವರಪ್ಪ ಸಾಲಿ ಬಿಡಸ್ತಾರ್ರಿ. ನನ್ನ ಜೋಡಿ ಇಟ್ಟಂಗಿ ಹೊರಾಕ ಕಳಸ್ತಾರ.”

“ಮೇಡಂ, ತಪ್ಪು ನಂದು. ಹುಡುಗೀದಲ್ಲ” ಎಂದೆ. ಅಷ್ಟು ಚಿಕ್ಕ ವಾಕ್ಯವನ್ನು ನಾನು ಯಾವ ಅಧಿಕಾರಿಯ ಮುಂದೆಯೂ ಅಲ್ಲಿಯವರೆಗೆ ಹೇಳಿರಲಿಲ್ಲ.

ಹೆಡ್‌ಮಿಸ್ ಕರಗಿದರು. ಹಾಜರಿಯನ್ನು ತಾವೇ ಸರಿಪಡಿಸುವುದಾಗಿ ಹೇಳಿ, ಬೀರುವಿನಿಂದ ಹೊಸ ಫಾರಂ ತೆಗೆದರು. “ಇದೊಂದೇ ಉಳಿದಿರೋದು. ಚಿತ್ತುಕಾಟ ಮಾಡಿದ್ರೆ ಮೇಲಿನವರು ತಗೊಳ್ಳಲ್ಲ. ತಂದೆ ಇಲ್ಲದಿದ್ರೆ ಸ್ಥಳೀಯ ಪೋಷಕರು ಅಂತ ಯಾರಾದ್ರೂ ಸಹಿ ಮಾಡ್ಬೇಕು.” ಬಸಪ್ಪ ಕಾಂಕ್ರೀಟ್ ಕೆಲಸಕ್ಕೆ ಹೊಸೂರಿಗೆ ಹೋಗಿದ್ದ. ನಾನು ಮಾಡುತ್ತೇನೆ ಎಂದು ಪೆನ್ನಿಗೆ ಕೈ ಹಾಕಿದೆ. ಹೆಡ್‌ಮಿಸ್ ಪೆನ್ನನ್ನು ನನಗೆ ಕೊಡಲಿಲ್ಲ, ರೇಣುಕಾಳಿಗೆ ಕೊಟ್ಟರು. “ನೀನೇ ಬರಿಯಮ್ಮ. ನಿನ್ನ ಹೆಸರು ನಿನಗೆ ಗೊತ್ತಿರತ್ತೆ.” ಹುಡುಗಿ ನಾಲಿಗೆ ಹೊರಗೆ ಚಾಚಿ, ಒಂದೊಂದೇ ಅಕ್ಷರವನ್ನು ಗುಂಡಗೆ ಬರೆದಳು. ನನ್ನ ಅಕ್ಷರಕ್ಕಿಂತ ಚೆನ್ನಾಗಿತ್ತು ಎಂಬುದನ್ನು ಇಲ್ಲಿ ಮಾತ್ರ ಹೇಳುತ್ತಿದ್ದೇನೆ.

ಹೆಡ್‌ಮಿಸ್ ಓದಿದರು. “ರೇಣುಕಾ ಬಸಪ್ಪ ಎಮ್ಮಿ. ಸರಿ. ಸ್ಥಳೀಯ ಪೋಷಕರು, ಸುಬ್ಬಣ್ಣ ಅರ್ಜಿ.” ತಲೆ ಎತ್ತಿದರು. “ಇದ್ಯಾರು?”

ನಾನು ಹುಡುಗಿಯನ್ನು ನೋಡಿದೆ. ಅವಳು ಅಮ್ಮನನ್ನು ನೋಡಿದಳು. ಹುಲಿಗೆಮ್ಮ ಗಾಬರಿಯಾಗಿ, “ಯಾಕ್ರಿ ಅಣ್ಣಾರ, ನಿಮ್ ಅಡ್ಡಹೆಸ್ರು ಅರ್ಜಿ ಅಲ್ಲೇನ್ರಿ? ಮಂದೆಲ್ಲಾ ಅಂತಾರಲ್ರಿ. ಎಮ್ಮಿ ಹಾಲು ಕೊಟ್ಟೋರು ನಾವು ಎಮ್ಮಿಯವ್ರು. ನೀವು ಮಂದಿಗಿ ಅರ್ಜಿ ಬರದು ಕೊಡ್ತೀರಿ, ಅರ್ಜಿಯವ್ರು. ನಾನು ಹಂಗ ತಿಳಕೊಂಡೀನ್ರಿ” ಎಂದಳು. ಇಷ್ಟು ದಿನ “ಅರ್ಜಿ ಅಣ್ಣಾರ” ಎಂದು ಆಕೆ ಕರೆದಾಗಲೆಲ್ಲ ನಾನು ಹಲ್ಲು ಕಡಿದಿದ್ದೆ. ಆಕೆ ನನಗೆ ಮರ್ಯಾದೆ ಕೊಡುತ್ತಿದ್ದಳು!

ಚಿತ್ತು ಮಾಡುವಂತಿಲ್ಲ. ಬೇರೆ ಫಾರಂ ಇಲ್ಲ. ಸಂಜೆಯೊಳಗೆ ಪಟ್ಟಿ ಹೋಗಬೇಕು. ನಾನು ಪೆನ್ನು ತೆಗೆದುಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ, ‘ಸುಬ್ಬಣ್ಣ ಅರ್ಜಿ’ ಎಂದು ಸಹಿ ಮಾಡಿದೆ. ಹೆಡ್‌ಮಿಸ್ ಆ ಸಹಿಯನ್ನು ಸಂಘದ ಪತ್ರದ ಪಕ್ಕದಲ್ಲಿಟ್ಟು, “ಇಲ್ಲಿ ಕೆ. ಸುಬ್ಬಣ್ಣ, ಇಲ್ಲಿ ಸುಬ್ಬಣ್ಣ ಅರ್ಜಿ. ಇಬ್ಬರೂ ಒಬ್ಬರೇ ಅಂತ ಒಂದು ಅರ್ಜಿ ಬರೆದುಕೊಡಿ” ಎಂದರು. ಬರೆದುಕೊಟ್ಟೆ. ಎರಡೇ ಸಾಲು.

ರೇಣುಕಾ ಆ ವರ್ಷ ಪರೀಕ್ಷೆ ಪಾಸು ಮಾಡಿದಳು. ಹುಲಿಗೆಮ್ಮ ಸಕ್ಕರೆ ಹಿಡಿದುಕೊಂಡು ಮನೆಗೆ ಬಂದಾಗ ದೊರೈರಾಜ್ ಆ ಸಕ್ಕರೆಯ ಅರ್ಧವನ್ನು ಬಾಯಿಗೆ ಹಾಕಿಕೊಂಡು, “ಎಲ್ಲಾ ನಮ್ ಸಂಘದ ಕೆಲಸ” ಎಂದರು. ನಾನೂ ತಲೆಯಾಡಿಸಿದೆ. ಅದೇ ವಾರ, ಬಹಳ ದಿನದಿಂದ ಹೆಂಡತಿ ಹೇಳುತ್ತಿದ್ದ ನಾಮಫಲಕವನ್ನು ‘ಸುಬ್ಬಣ್ಣ ಅರ್ಜಿ’ ಎಂದೇ ಬರೆಸಿ ಗೇಟಿಗೆ ಹಾಕಿಸಿದೆ. ಪೇಂಟರ್ ‘ಸುಬ್ಬಣ್ಣ’ವನ್ನು ಮೇಲೆ ಸಣ್ಣದಾಗಿ ಬರೆದು, ಜಾಗ ಉಳಿಯಿತೆಂದು ‘ಅರ್ಜಿ’ಯನ್ನು ಕೆಳಗೆ ಇಷ್ಟು ದಪ್ಪಕ್ಕೆ ಬರೆದ. ಅದರ ಕೆಳಗೇ ನಮ್ಮ ಟಪಾಲು ಡಬ್ಬ.

ಮಾರನೆಯ ದಿನ ಬೆಳಿಗ್ಗೆ ಡಬ್ಬದಲ್ಲಿ ಮೂರು ಅರ್ಜಿಗಳಿದ್ದವು. ಒಂದು ಚರಂಡಿಯದು, ಒಂದು ಬೀದಿದೀಪದ್ದು, ಒಂದು ವಿಧವಾ ವೇತನದ್ದು. ಇದು ಸರ್ಕಾರಿ ಡಬ್ಬವೆಂದು ಜನ ತಿಳಿದುಕೊಂಡಿದ್ದರು. ಹೆಂಡತಿ ಕಾಫಿ ತಂದಿಟ್ಟು, “ರೀ, ಬೋರ್ಡು ತೆಗೆಸ್ತೀರಾ?” ಎಂದು ಕೇಳಿದಳು. ತೆಗೆಸಲಿಲ್ಲ. ಕನ್ನಡಕ ಏರಿಸಿ ಕೂತು ಮೂರನ್ನೂ ತಿದ್ದಿ, ಹೊಸದಾಗಿ ಬರೆದೆ. ವಿಷಯ ತಿದ್ದಿದೆ, ಒತ್ತಕ್ಷರ ತಿದ್ದಿದೆ, ‘ತಮ್ಮ ವಿಧೇಯ’ ಎಂಬಲ್ಲಿಯವರೆಗೆ ಒಂದು ಸಾಲನ್ನೂ ಬಿಡಲಿಲ್ಲ. ಹೆಸರುಗಳನ್ನು ಮಾತ್ರ ಅವರು ಬರೆದ ಹಾಗೆಯೇ ಇಳಿಸಿದೆ.