ಮುಂಬೈಗೆ ಒಂದೇ ತಾಸು

ನೂರು ಖಂಡಿ ಹತ್ತಿ. ಅರ್ಧ ನನ್ನದು, ಅರ್ಧ ಸುರೇಬಾನದ ಬೀಗರದು. ಮರುದಿನ ಸಂಜೆ ನಾಲ್ಕರೊಳಗೆ ಅದರ ಮಾದರಿ ಮುಂಬೈ ಗಿರಣಿಯವರ ಕೈ ಸೇರಬೇಕು, ಇಲ್ಲದಿದ್ದರೆ ಅವರು ಗುಜರಾತಿನ ಮಾಲಿಗೆ ಹೂಂ ಅನ್ನುವವರು. ಗಿರಣಿಯವರ ಈ ಫೋನು ಬರುವಷ್ಟರಲ್ಲಿ ರಾತ್ರಿ ಬಸ್ಸು ಹೋಗಿತ್ತು. ನಾನು ಅವಸರ ಮಾಡಿದಾಗಲೆಲ್ಲ ಏನಾದರೊಂದು ಆಗುತ್ತದೆ. ಬೀಗರು ಜೊತೆಗಿದ್ದರೆ ಎರಡಾಗುತ್ತವೆ. ಆ ಸಲ ಮೂರಾದವು.

ಟಿಕೆಟ್

ಬೆಳಗ್ಗೆದ್ದು ನಮ್ಮ ಬೈಲಹೊಂಗಲದಿಂದ ಬೆಳಗಾವಿಗೆ ಬಂದೆವು. ಅಲ್ಲಿಂದ ಮುಂಬೈಗೆ ವಿಮಾನದಲ್ಲಿ ಒಂದು ತಾಸು ಚಿಲ್ಲರೆ ಎಂದ ಟಿಕೆಟ್ ಏಜೆಂಟ. ಬೀಗರು ನಂಬಲಿಲ್ಲ.

“ಬೈಲಹೊಂಗಲದಿಂದ ಇಲ್ಲಿಗೇ ಒಂದೂವರಿ ತಾಸು ಹಿಡೀತು. ಮುಂಬೈಗೆ ಹೆಂಗ ಒಂದ ತಾಸು?”

“ವಿಮಾನ ನಡುವ ಎಲ್ಲೂ ನಿಂದ್ರೂದಿಲ್ರಿ ಯಜಮಾನ್ರ.”

“ಚಾ ಕುಡ್ಯಾಕೂ ನಿಂದ್ರಂಗಿಲ್ಲ?”

ಏಜೆಂಟ ದರ ಹೇಳಿದ. ಬೀಗರು ಎದ್ದೇ ನಿಂತರು. “ಅಷ್ಟು ರೊಕ್ಕಕ್ಕ ಬಸ್ಸಿನ್ಯಾಗ ಹತ್ತು ಸಲ ಇಡೀ ರಾತ್ರಿ ಕುಂಡ್ರಸ್ತಾರ. ನೀ ಒಂದ ತಾಸು ಕುಂಡ್ರಸ್ತಿ. ರೊಕ್ಕಾರ ಕಡಿಮಿ ಮಾಡು, ಇಲ್ಲಾಂದ್ರ ಸಾವಕಾಶ ಹೊಡೀ ಅಂತ ಡ್ರೈವರಗ ಹೇಳು.”

ತಪಾಸಣೆ

ಎರಡಕ್ಕೆ ಬಿಡಬೇಕಾದ ವಿಮಾನ ಇನ್ನೂ ಬಂದೇ ಇರಲಿಲ್ಲ. ಗಡಿಯಾರ ನೋಡಿ ನೋಡಿ ನನ್ನ ಅಂಗಿ ತೊಯ್ದಿತ್ತು. ಅಷ್ಟರಲ್ಲಿ ತಪಾಸಣೆಯವನು ನಮ್ಮ ಮಾದರಿಯ ಗಂಟು ಬಿಚ್ಚಿಸಿದ. ನಮ್ಮ ಪೇಟೆಯಲ್ಲಿ ಗಂಟು ಬಿಚ್ಚಿಸಿದವನೆಂದರೆ ಗಿರಾಕಿ. ಬೀಗರು ಖುಷಿಯಾದರು.

“ಜಗ್ಗಿ ನೋಡ್ರಿ ಸಾಹೇಬ್ರ, ಎಳಿ ಎಷ್ಟುದ್ದ ಬರತೈತಿ.”

ಪಾಳಿಯಲ್ಲಿ ಹಿಂದೆ ನಿಂತವರಿಗೂ ಒಂದೊಂದು ಚಿಟಿಕೆ ಹಂಚಿದರು. ಕೋಟು ತೊಟ್ಟವರೊಬ್ಬರು ಜಗ್ಗಿ ನೋಡಿ ಕಿಸೆಯಲ್ಲಿಟ್ಟುಕೊಂಡರು. ತಪಾಸಣೆಯವನು ಅಂಗಿ ಝಾಡಿಸಿಕೊಳ್ಳುತ್ತ “ಮುಂದ ನಡೀರಿ” ಅಂದ. ಗಂಟಿನಲ್ಲಿ ಅರ್ಧ ಮಾದರಿ ಉಳಿದಿತ್ತು. ಅಷ್ಟು ಸಾಕಾದೀತೇ ಎಂಬುದು ನನ್ನ ಚಿಂತೆ. ಬೀಗರ ಚಿಂತೆಯೇ ಬೇರೆ: “ಇಷ್ಟೆಲ್ಲಾ ನೋಡಿದಾಂವ ದರಾನ ಕೇಳಲಿಲ್ಲಲ್ರಿ.”

ಗಿರಕಿ

ಹೊರಟಾಗ ಮೂರು ಹೊಡೆದಿತ್ತು. ಏಜೆಂಟ ಹೇಳಿದಂತೆ ಒಂದು ತಾಸಿಗೆ ಮುಂಬೈ ಮೇಲೆ ಬಂದೆವು. ಇಳಿಯುವುದು ಆ ತಾಸಿನ ಲೆಕ್ಕದಲ್ಲಿ ಇರಲಿಲ್ಲ. ಕೆಳಗೆ ಜಾಗ ಖಾಲಿ ಇಲ್ಲವೆಂದು ವಿಮಾನ ಗಿರಕಿ ಹೊಡೆಯತೊಡಗಿತು. ನಾಲ್ಕು ದಾಟಿತು. ವ್ಯಾಪಾರ ಹೋಯಿತು, ಇನ್ನು ಜೀವ ಉಳಿದರೆ ಸಾಕು ಅನಿಸಿತು.

ಒಂದು ಪಕ್ಕದಲ್ಲಿ ಬೀಗರು, ಇನ್ನೊಂದು ಪಕ್ಕದಲ್ಲಿ ಕುಂತವರು ಅದೇ ಕೋಟಿನವರು. ಕೋಟಿನವರು ಬಾಗಿ ಮೆಲ್ಲಗೆ ಹೇಳಿದರು: “ನಾ ಹುಬ್ಬಳ್ಳಿ ದಲಾಲ. ಇಲ್ಲಿ ಗಿರಣಿಗೊಳಿಗೆ ಖರೀದಿ ಮಾಡ್ತೇನಿ. ಮಾಲು ಛಲೋ ಐತಿ. ಪೇಟಿ ದರದ ಮ್ಯಾಲ ಖಂಡಿಗೆ ಎಷ್ಟ ಇಡೂಣು?”

ನಮ್ಮಲ್ಲಿ ಇದನ್ನು ಬಾಯಿಂದ ಹೇಳುವುದಿಲ್ಲ. ವಸ್ತ್ರದ ಕೆಳಗೆ ಬೆರಳು ಹಿಡಿಯಬೇಕು, ಬೆರಳಿಗೆ ನೂರು. ಅವರು ತಮ್ಮ ಶಾಲು ಹೊದಿಸಿ ನನ್ನ ಎರಡು ಬೆರಳು ಹಿಡಿದರು. ಅಷ್ಟಕ್ಕೇ ವಿಮಾನ ಧಡಕ್ಕನೆ ಕುಸಿಯಿತು. ನಾನು ಅವರ ಐದೂ ಬೆರಳು ಹಿಡಿದು ಹಿಂಡಿದೆ. ಅವರು ಬಿಡಿಸಿಕೊಂಡು ಮೂರು ಹಿಡಿದರು. ಮತ್ತೆ ಕುಸಿಯಿತು, ಮತ್ತೆ ಐದು. ನಾಲ್ಕು ಹಿಡಿದರು. ಈ ಸಲ ನಾನು ಕಣ್ಣು ಮುಚ್ಚಿ “ಶಿವ ಶಿವಾ” ಅಂದು ಹಿಂಡಿದ್ದು ಬಿಡಲೇ ಇಲ್ಲ.

“ಭಾಳ ಗಟ್ಟಿ ವ್ಯಾಪಾರಿ ಅದೀರಿ” ಎಂದರು ದಲಾಲರು. “ಐದ ಆಗಲಿ. ಕೈ ಬಿಡ್ರಿ ಇನ್ನ.”

ಇಳಿದ ಮೇಲೆ ಬೀಗರು ನನ್ನ ಮುಖ ನೋಡಿ, “ಇನ್ನೊಂದು ಗಿರಕಿ ಹೊಡದಿದ್ರ ಅವರ ಎರಡೂ ಕೈ ಹಿಡೀತಿದ್ರಿ, ಸಾವಿರ ಆಗತಿತ್ತು” ಅಂದರು.

ಬರುವಾಗ ಬಸ್ಸಿಗೆ ಬಂದೆವು. ಪೇಟೆ ದರದ ಮೇಲೆ ಬಂದದ್ದು ಐವತ್ತು ಸಾವಿರ. ಹೋಗಿಬಂದ ಖರ್ಚು ಕಳೆದು ಉಳಿದದ್ದು ನಲವತ್ತು, ಅದರಲ್ಲಿ ನನ್ನ ಪಾಲು ಇಪ್ಪತ್ತು. ಬೆರಳಿಗೆ ನಾಲ್ಕು ಸಾವಿರ ಬಿತ್ತು.