ಸೋದರಮಾವನ ತೊಡೆ

ಅರಸೀಕೆರೆಯಲ್ಲಿ ನಮ್ಮಣ್ಣನಷ್ಟು ಗತ್ತಿನ ಮನುಷ್ಯ ಇನ್ನೊಬ್ಬನಿರಲಿಲ್ಲ ಎಂದು ಆ ಕಾಲದವರು ಈಗಲೂ ಹೇಳುತ್ತಾರೆ. ಕೊಬ್ಬರಿ ಮಂಡಿಗೆ ಹೊರಟನೆಂದರೆ ಪಂಚೆಯ ಬಲಮಗ್ಗುಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಯಾರನ್ನೂ ನೋಡದೆ ನಡೆಯುತ್ತಿದ್ದ. ಮಂಡಿಯ ಪಡ್ಡೆಗಳು ಅದನ್ನೇ ಫ್ಯಾಷನ್ ಮಾಡಿಕೊಂಡರು. ಪಾಪ, ಅದು ಗತ್ತಲ್ಲ, ಹರ್ನಿಯಾ ಆಪರೇಷನ್ನಿನ ಫಲ!

ಹರ್ನಿಯಾ ಏನೋ ವಾಸಿಯಾಗಿತ್ತು. ಆದರೆ ಹೊಲಿಗೆ ಹಾಕಿದ ತೊಡೆಸಂದಿಯಲ್ಲಿ ಉರಿ ಉಳಿದುಬಿಟ್ಟಿತ್ತು. ಬಟ್ಟೆ ಸೋಕಿದರೂ ಕೆಂಡ ತಾಗಿದಂತೆ ಬೆಚ್ಚುತ್ತಿದ್ದ. ಉಡಿದಾರ ಬಿಚ್ಚು ಎಂದರೆ ಮಾತ್ರ ಕೇಳಲೊಲ್ಲ. ಅಮ್ಮ ಕಟ್ಟಿದ್ದೆಂದು ಅದನ್ನು ಎದೆಯವರೆಗೆ ಏರಿಸಿಕೊಂಡು ಓಡಾಡಿದ.

ಪೇಚಿಗೆ ಸಿಕ್ಕಿದ್ದು ಬೇಲೂರಿನಲ್ಲಿದ್ದ ನಾನು. ಮಗಳಿಗೆ ಕಿವಿ ಚುಚ್ಚಿಸಬೇಕಿತ್ತು. ನಮ್ಮಲ್ಲಿ ಆಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಇವನ ತೊಡೆಯೋ, ಗಾಳಿ ಬೀಸಿದರೂ ತಡೆಯದು! "ಅವರಪ್ಪನೇ ಕೂರಿಸ್ಕೊಳ್ಳಲಿ ಬಿಡಣ್ಣ" ಎಂದರೆ, "ಮಾವ ಅಂತ ನಾನೊಬ್ಬ ಬದುಕಿಲ್ವೇನೇ?" ಎಂದು ಫೋನ್ ಕುಕ್ಕುತ್ತಿದ್ದ. ಮಗಳು ಸ್ಕೂಲಿಗೆ ಸೇರಿದಳು, ಕಿವಿ ಬೋಳಾಗಿಯೇ ಇತ್ತು.

ಒಂದು ದಿನ ಡಾಕ್ಟರು, ನೋವು ನರದ್ದೇ ಹೌದೋ ಅಲ್ಲವೋ ನೋಡಲು ಆ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ನೋವು ಮಾಯ! ವಾಸಿಯೇ ಆಯಿತೆಂದುಕೊಂಡ ಅಣ್ಣ, "ಅಕ್ಕಸಾಲೀನ ಕರೆಸೇ, ಬತ್ತೀನಿ" ಎಂದು ಫೋನ್ ಮಾಡಿ ಬಸ್ಸು ಹತ್ತಿದ. ಹಳೇಬೀಡು ಬರುವಷ್ಟರಲ್ಲಿ ಮದ್ದಿನ ಗುಣ ಇಳಿದುಹೋಯಿತು. ಇತ್ತ ಅಕ್ಕಸಾಲಿ ಕಾದಿದ್ದ, ಮಗಳು ಹೊಸ ಲಂಗ ತೊಟ್ಟು ಕೂತಿದ್ದಳು. ಹಳೇಬೀಡಿನ ಬೂತಿನಿಂದ ಫೋನ್ ಬಂತು.

"ಇಲ್ಲೇ ಇಳ್ಕಂಡೆ ಕಣೇ. ಗುಡಿ ಗೋಡೆ ಮೇಲಿರೋರೆಲ್ಲ ನನ್ನಂಗೇ ಸೊಂಟ ಓರೆ ಮಾಡ್ಕಂಡು ನಿಂತವ್ರೆ. ಅವರಿಗೂ ಹರ್ನಿಯಾನೇ ಆಗಿರ್ಬೇಕು."

ನಾನು ನಕ್ಕೆ. ಅವನು ನಗಲಿಲ್ಲ. "ಮಗೀಗೆ ಏನ್ ಹೇಳ್ತೀಯೇ?" ಎಂದ.

ಕೊನೆಗೆ ಬೆಂಗಳೂರಿಗೆ ಹೋಗಿ, ಹಳೇ ಗಾಯ ಮತ್ತೆ ತೆರೆಸಿ, ಒಳಗೆ ಸಿಕ್ಕಿಕೊಂಡಿದ್ದ ನರವನ್ನೇ ಕತ್ತರಿಸಿ ತೆಗೆಸಿಕೊಂಡ. ಆ ಜಾಗ ಇನ್ನು ಜೋಮು ಹಿಡಿದ ಹಾಗೇ ಇರುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದಕ್ಕೆ, "ತೊಡೆ ಒಂದಿದ್ರೆ ಸಾಕು ಸ್ವಾಮಿ" ಅಂದನಂತೆ.

ಗಾಯ ಮಾಗಿದ ಮೇಲೆ ಬೇಲೂರಿಗೆ ಬಂದ. ಪಂಚೆ ಇಳಿಬಿಟ್ಟು ನಡೆದು ಬಂದವನನ್ನು ನಾನೇ ಗುರುತಿಸಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅಕ್ಕಸಾಲಿ ಒಂದು ಕಿವಿ ಚುಚ್ಚಿದ್ದೇ ತಡ, ಅವಳು ಚೀರಿ, ಹಿಮ್ಮಡಿಯಿಂದ ಸರಿಯಾಗಿ ಆ ಜಾಗಕ್ಕೇ ಒದ್ದಳು. ನೋಡಿದರೆ ಅಣ್ಣನ ಕಣ್ಣು ತುಂಬಿತ್ತು.

"ನೋವಾಯ್ತೇನಣ್ಣ?"

"ಇಲ್ಲ ಕಣೇ" ಎಂದು ಅವಳನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡ. "ಒದೀಲಿ ಬಿಡು. ಇನ್ನೊಂದು ಕಿವಿ ಐತಲ್ಲ."